ಎಸಿ ಕಂಪನಿಯ ಸೆಗ್ಮೆಂಟ್ ರಿಪೋರ್ಟ್ ಮಾಡಿದವರು ಯಾರಾದರೂ ಇದ್ದೀರಾ?

ಪ್ರಶ್ನೆ: ಎಸಿ, ಹೀಟರ್ ತಯಾರಿಸುವ ಒಂದು ಲಿಸ್ಟೆಡ್ ಕಂಪನಿಯ ಬೆಂಗಳೂರು ಫೈನಾನ್ಸ್ ತಂಡಕ್ಕೆ ಈಗಷ್ಟೇ ಸೇರಿದ್ದೇನೆ. ಮನೆ ಎಸಿ, ದೊಡ್ಡ ಕಟ್ಟಡಗಳ ಪ್ರಾಜೆಕ್ಟ್, ಕೋಲ್ಡ್ ರೂಮ್ ಮೂರೂ ಇವೆ. ಫ್ಯಾಕ್ಟರಿ ಮಾತ್ರ ಒಂದೇ. ಸೆಗ್ಮೆಂಟ್ ರಿಪೋರ್ಟ್ (ವ್ಯವಹಾರದ ಒಂದೊಂದು ಭಾಗದ ಆದಾಯ, ಲಾಭ ಬೇರೆ ಬೇರೆ ತೋರಿಸುವ ವರದಿ) ನನ್ನ ಪಾಲಿಗೆ ಬಂದಿದೆ. ಸೆಗ್ಮೆಂಟ್ ಎಷ್ಟು ಅಂತ ಯಾರು ತೀರ್ಮಾನಿಸೋದು? ಒಂದೇ ಫ್ಯಾಕ್ಟರಿಯ ಖರ್ಚನ್ನು ಹೇಗೆ ಹಂಚೋದು? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ ಮೇಡಂ. ಮೊದಲು ಸ್ಟ್ಯಾಂಡರ್ಡ್ ಪುಸ್ತಕ ಪಕ್ಕಕ್ಕಿಡಿ. ನಿಮ್ಮ ಎಂಡಿ ಪ್ರತಿ ತಿಂಗಳು ನೋಡುವ ಎಂಐಎಸ್ ಶೀಟ್ (ಆಡಳಿತದವರಿಗೆಂದು ಕಂಪನಿ ಒಳಗೇ ತಯಾರಾಗುವ ಲೆಕ್ಕದ ವರದಿ) ತರಿಸಿಕೊಳ್ಳಿ. ಸೆಗ್ಮೆಂಟ್ ವರದಿಗೆ ನಮ್ಮಲ್ಲಿರುವ ಲೆಕ್ಕದ ನಿಯಮ ಇಂಡ್ ಎಎಸ್ 108 ಕೇಳುವುದು ಅದನ್ನೇ. ಕಂಪನಿಯ ಮೇಲಿನವರು ಯಾವ ಭಾಗಗಳಾಗಿ ವ್ಯವಹಾರ ನೋಡಿ ದುಡ್ಡು ಎಲ್ಲಿ ಹಾಕಬೇಕು ಅಂತ ನಿರ್ಧರಿಸುತ್ತಾರೋ ಅದೇ ಸೆಗ್ಮೆಂಟ್. ನಾವು ಕೂತು ಪ್ರಾಡಕ್ಟ್ ಲಿಸ್ಟ್ ನೋಡಿ ಭಾಗ ಮಾಡುವ ಹಾಗಿಲ್ಲ.

ಅದಕ್ಕೇ ಒಂದೇ ಥರದ ವ್ಯಾಪಾರ ಇರುವ ಎರಡು ಕಂಪನಿಗಳ ಸೆಗ್ಮೆಂಟ್ ಬೇರೆ ಬೇರೆ ಇರಬಹುದು. ಬ್ಲೂ ಸ್ಟಾರ್‌ನಲ್ಲಿ ಪ್ರಾಜೆಕ್ಟ್ ಮತ್ತು ಸೆಂಟ್ರಲ್ ಎಸಿ ಸೇರಿ ಒಂದು, ರೂಮ್ ಎಸಿ ಜೊತೆ ಡೀಪ್ ಫ್ರೀಜರ್, ಕೋಲ್ಡ್ ರೂಮ್ ಎಲ್ಲ ಸೇರಿ ಇನ್ನೊಂದು, ಎಲೆಕ್ಟ್ರಾನಿಕ್ಸ್ ಮತ್ತು ಇಂಡಸ್ಟ್ರಿಯಲ್ ಸಿಸ್ಟಮ್ಸ್ ಮೂರನೆಯದು. ವೋಲ್ಟಾಸ್‌ನಲ್ಲೂ ಮೂರು, ಆದರೆ ಅಲ್ಲಿ ಮೂರನೆಯದರಲ್ಲಿ ಬಟ್ಟೆ ಗಿರಣಿಯ ಯಂತ್ರಗಳು, ಗಣಿ ಯಂತ್ರಗಳು ಬರುತ್ತವೆ. ಇಬ್ಬರ ವರದಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಸಂಜೆ ಓದಿ. ಕ್ಲಾಸಿನಲ್ಲಿ ಕೂತಿದ್ದಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಸೆಗ್ಮೆಂಟ್ ಯಾಕೆ ಬೇಕು ಅನ್ನುವುದಕ್ಕೂ ಅಲ್ಲೇ ಉದಾಹರಣೆ ಇದೆ. 2022-23ರಲ್ಲಿ ವೋಲ್ಟಾಸ್ ವಿದೇಶಿ ಪ್ರಾಜೆಕ್ಟ್‌ಗಳಿಗೆ ದೊಡ್ಡ ಪ್ರಾವಿಷನ್ (ಬರಬಹುದಾದ ನಷ್ಟಕ್ಕೆ ಮೊದಲೇ ತೆಗೆದಿಡುವ ಮೊತ್ತ) ಮಾಡಬೇಕಾಯಿತು. ಬರೀ ಒಟ್ಟು ಲೆಕ್ಕ ನೋಡಿದವರಿಗೆ ಎಸಿ ವ್ಯಾಪಾರವೇ ಕೆಟ್ಟಿತೇನೋ ಅನ್ನಿಸುತ್ತಿತ್ತು. ಸೆಗ್ಮೆಂಟ್ ನೋಡಿದವರಿಗೆ ಪೆಟ್ಟು ಬಿದ್ದದ್ದು ಪ್ರಾಜೆಕ್ಟ್ ವಿಭಾಗಕ್ಕೆ, ಎಸಿ ವಿಭಾಗ ಲಾಭದಲ್ಲೇ ಇದೆ ಅಂತ ಗೊತ್ತಾಯಿತು. ಷೇರು ಇಟ್ಟುಕೊಂಡವರಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು ಅಲ್ವಾ?

ಇನ್ನು ಖರ್ಚು ಹಂಚುವುದು. ಇಲ್ಲಿ ನನ್ನ ಹಳೆಯ ಕಂಪನಿಯಲ್ಲಿ ಆದದ್ದನ್ನು ಹೇಳಲೇಬೇಕು. ನಾವು ಫ್ಯಾಕ್ಟರಿ ಓವರ್‌ಹೆಡ್ಡನ್ನು (ಎಲ್ಲ ವಿಭಾಗಗಳಿಗೂ ಸೇರಿದ ಸಾಮಾನ್ಯ ಖರ್ಚು) ಮಾರಾಟದ ಮೇಲೆ ಹಂಚುತ್ತಿದ್ದೆವು. ಲೆಕ್ಕ ಸುಲಭ, ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ರೂಮ್ ಎಸಿ ಸಿಕ್ಕಾಪಟ್ಟೆ ಮಾರಾಟ ಆಗುತ್ತಿತ್ತು, ಆಗ ಖರ್ಚಿನ ಮುಕ್ಕಾಲು ಭಾಗ ಅದರ ತಲೆಗೆ ಹೋಗುತ್ತಿತ್ತು, ಪ್ರಾಜೆಕ್ಟ್ ವಿಭಾಗದ ಲಾಭ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು, ಅದನ್ನು ನಂಬಿ ಪ್ರಾಜೆಕ್ಟ್‌ನವರು ಟೆಂಡರ್‌ಗಳಲ್ಲಿ ದರ ಇಳಿಸುತ್ತಾ ಹೋದರು. ನಿಜವಾಗಿ ನೋಡಿದರೆ ಅವರ ದೊಡ್ಡ ಯೂನಿಟ್‌ಗಳು ಮಷಿನ್ ಮೇಲೆ ಎಷ್ಟೋ ಹೆಚ್ಚು ಹೊತ್ತು ಕೂರುತ್ತಿದ್ದವು. ಮಷಿನ್ ಅವರ್ ಲೆಕ್ಕಕ್ಕೆ (ಮಷಿನ್ ಓಡಿದ ಗಂಟೆಗಳ ಮೇಲೆ ಹಂಚುವುದು) ಬದಲಾಯಿಸಿದ ವರ್ಷ ಆ ಲಾಭ ಕರಗಿಹೋಯಿತು. ಆ ಶೀಟ್ ತಯಾರಿಸಿದವನು ನಾನೇ, ಇವತ್ತಿಗೂ ಬೇಜಾರಿದೆ.

ಹಾಗಾಗಿ ಫ್ಯಾಕ್ಟರಿ ಖರ್ಚಿಗೆ ಮಷಿನ್ ಅವರ್, ಗೋದಾಮಿಗೆ ಜಾಗದ ಲೆಕ್ಕ, ಸರ್ವಿಸ್‌ಗೆ ಕಂಪ್ಲೇಂಟ್‌ಗಳ ಸಂಖ್ಯೆ, ಹೀಗೆ ಖರ್ಚು ಯಾತರಿಂದ ಹುಟ್ಟುತ್ತದೋ ಅದನ್ನೇ ಹಿಡಿಯಿರಿ. ಕಂಪ್ರೆಸರ್ ವಾರಂಟಿಯ ಪ್ರಾವಿಷನ್ ಮರೆಯಬೇಡಿ. ಅದು ಸುಮ್ನೆ 'ಹಂಚದ ಖರ್ಚು' ಸಾಲಿನಲ್ಲಿ ಕೂತರೆ ಎಸಿ ವಿಭಾಗ ಚೆನ್ನಾಗಿ ಕಾಣುತ್ತದೆ, ಆದರೆ ಅದು ಅವರದೇ ಖರ್ಚು. ಹೆಡ್ ಆಫೀಸ್ ಬಡ್ಡಿ, ತೆರಿಗೆ ಇಂಥವು ಅಲ್ಲಿ ಇರಲಿ, ತೊಂದರೆ ಇಲ್ಲ.

ಉತ್ತರ 2: ನಾನು ಬೆಂಗಳೂರಿನಿಂದಲೇ ಅಮೆರಿಕದ ಕಂಪನಿಯ ಲೆಕ್ಕ ನೋಡುತ್ತೇನೆ. ಅಲ್ಲಿ ಸೆಗ್ಮೆಂಟ್ ವರದಿಗೆ ಇರುವ ನಿಯಮ ಎಎಸ್‌ಸಿ 280. ಮೂಲ ವಿಚಾರ ಒಂದೇ. ಆದರೆ 2023ರಲ್ಲಿ ಬಂದ ತಿದ್ದುಪಡಿಯಿಂದ ಪ್ರತಿ ಸೆಗ್ಮೆಂಟಿನ ಮುಖ್ಯ ಖರ್ಚುಗಳನ್ನೂ ತೋರಿಸಬೇಕು, ತೀರ್ಮಾನ ತೆಗೆದುಕೊಳ್ಳುವವರ ಹುದ್ದೆಯನ್ನೂ ಹೇಳಬೇಕು. ಒಂದೇ ಸೆಗ್ಮೆಂಟ್ ಇರುವ ಕಂಪನಿಗೂ ವಿನಾಯಿತಿ ಇಲ್ಲ.

ಸೆಗ್ಮೆಂಟ್ ಬದಲಾದಾಗ ಏನು ಮಾಡಬೇಕು ಅಂತ ನೋಡಲು ಟೆಕ್ಸಾಸ್‌ನ ಎಸಿ, ಹೀಟರ್ ಕಂಪನಿ ಲೆನಾಕ್ಸ್‌ನ ವರದಿಗಳನ್ನು ಓದಿ. ಮೊದಲು ಮನೆ, ವಾಣಿಜ್ಯ, ರೆಫ್ರಿಜರೇಷನ್ ಅಂತ ಮೂರು ಇದ್ದವು. ಈಗ ಎರಡೇ, ಹೋಮ್ ಕಂಫರ್ಟ್ ಸೊಲ್ಯೂಷನ್ಸ್ ಮತ್ತು ಬಿಲ್ಡಿಂಗ್ ಕ್ಲೈಮೇಟ್ ಸೊಲ್ಯೂಷನ್ಸ್. ಯುರೋಪಿನ ವ್ಯವಹಾರವನ್ನು 2023ರಲ್ಲಿ ಮಾರಿದರು. ಹೀಗೆ ಬದಲಾದರೆ ಹಳೆಯ ವರ್ಷಗಳ ಅಂಕಿಗಳನ್ನೂ ಹೊಸ ಅಚ್ಚಿಗೆ ತಂದು ಕೊಡಬೇಕು. ನಮ್ಮ ತಂಡ ಒಮ್ಮೆ ಇದನ್ನು ಮಾಡಿದಾಗ ಹಳೆಯ ಕಾಸ್ಟ್ ಸೆಂಟರ್‌ಗಳ (ಖರ್ಚು ದಾಖಲಾಗುವ ಘಟಕಗಳ) ಮ್ಯಾಪಿಂಗ್ ಎಲ್ಲೂ ಬರೆದಿಟ್ಟಿರಲಿಲ್ಲ, ಮಾಡಿದವರು ಕೆಲಸ ಬಿಟ್ಟಿದ್ದರು, ಮೂರು ವಾರ ರಾತ್ರಿ ಹತ್ತಕ್ಕೆ ಮೊದಲು ಮನೆ ಸೇರಲಿಲ್ಲ. ಯಾವ ಕೋಡ್ ಯಾವ ಸೆಗ್ಮೆಂಟಿಗೆ, ಯಾಕೆ, ಯಾವಾಗಿನಿಂದ ಅಂತ ಇವತ್ತೇ ಬರೆದಿಡಲು ಶುರು ಮಾಡಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಸಿಎಫ್‌ಒ (ಹಣಕಾಸು ಮುಖ್ಯಸ್ಥರು) "ಎಲ್ಲ ಕೂಲಿಂಗ್ ವ್ಯವಹಾರವೇ ಅಲ್ವಾ, ಒಂದೇ ಸೆಗ್ಮೆಂಟ್ ಅಂತ ತೋರಿಸಿಬಿಡೋಣ" ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ಉತ್ತರ 3: ನಾನು ಆಡಿಟ್ ಕಡೆಯಿಂದ ಹೇಳುತ್ತೇನೆ. ಕಷ್ಟ. ಬೇರೆ ಬೇರೆ ಸೆಗ್ಮೆಂಟ್ ಕೂಡಿಸಬೇಕಾದರೆ ಅವುಗಳ ಲಾಭದ ಗತಿ ಒಂದೇ ಥರ ಇರಬೇಕು, ಸರಕು, ತಯಾರಿಕೆಯ ರೀತಿ, ಗ್ರಾಹಕರು, ಮಾರುವ ದಾರಿ ಇವೂ ಹೋಲಬೇಕು. ರೂಮ್ ಎಸಿ ಡೀಲರ್ ಅಂಗಡಿಯಲ್ಲಿ ಮಾರಾಟ ಆಗುತ್ತದೆ. ಪ್ರಾಜೆಕ್ಟ್ ಟೆಂಡರ್‌ನಲ್ಲಿ ಸಿಗುತ್ತದೆ, ಹಣ ಬರುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಎರಡೂ ಒಂದೇ ಅಂತ ನಾನಂತೂ ಒಪ್ಪಲ್ಲ. ನಾವು ಮೊದಲು ಕೇಳುವುದೇ ಬೋರ್ಡ್ ಮೀಟಿಂಗಿನ ಪೇಪರ್. ಅದರಲ್ಲಿ ಮೂರು ಭಾಗ ಇದ್ದು ವರದಿಯಲ್ಲಿ ಒಂದೇ ಇದ್ದರೆ ಮಾತು ಅಲ್ಲೇ ನಿಲ್ಲುತ್ತದೆ.

ಕೋಲ್ಡ್ ರೂಮ್ ಚಿಕ್ಕದಿದ್ದರೆ ಅದನ್ನು ಬೇರೆ ತೋರಿಸಲೇಬೇಕಾ ಅನ್ನುವುದಕ್ಕೆ ಶೇ 10ರ ಪರೀಕ್ಷೆ ಇದೆ. ಆದಾಯ, ಲಾಭ ಅಥವಾ ನಷ್ಟ, ಆಸ್ತಿ, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಶೇ 10 ಮುಟ್ಟಿದರೂ ಬೇರೆ ತೋರಿಸಬೇಕು. ತೋರಿಸಿದ ಸೆಗ್ಮೆಂಟ್‌ಗಳೆಲ್ಲ ಸೇರಿ ಕಂಪನಿಯ ಹೊರಗಿನವರಿಂದ ಬಂದ ಆದಾಯದ ಕನಿಷ್ಠ ಶೇ 75 ಆಗಬೇಕು. ಬರೀ ಏಪ್ರಿಲ್-ಜೂನ್ ಅಂಕಿ ಹಿಡಿದು ಈ ಪರೀಕ್ಷೆ ಮಾಡಬೇಡಿ, ಆ ಮೂರು ತಿಂಗಳು ರೂಮ್ ಎಸಿ ಮುಂದೆ ಬೇರೆಲ್ಲ ಚಿಕ್ಕದಾಗಿ ಕಾಣುತ್ತವೆ. ಸಿಎಫ್‌ಒ ಹತ್ತಿರ ಹೋಗುವಾಗ ಬೋರ್ಡ್ ಪೇಪರ್ ಮತ್ತು ಇಡೀ ವರ್ಷದ ಈ ಲೆಕ್ಕ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.