ಗಿಣಿಗೇರಾ ಕಡೆಯ ಸೈಡಿಂಗ್: ಮೊದಲ ದುಡ್ಡು ಯಾವುದಕ್ಕೆ?

ಹಳಿ_ಕೊಪ್ಪಳ: ಕಾರ್ಖಾನೆಯ 2 ಕಿ.ಮೀ. ಸೈಡಿಂಗ್ (ಮುಖ್ಯ ಮಾರ್ಗದಿಂದ ಕಾರ್ಖಾನೆಗೆ ಬರುವ ಖಾಸಗಿ ಹಳಿ), ಅದಿರಿನ ರೇಕ್ (ಗೂಡ್ಸ್ ರೈಲು) ಬರುತ್ತವೆ. ಮಳೆ ಬಂದರೆ ಸ್ಲೀಪರ್ (ಹಳಿಯ ಅಡಿಯ ಅಡ್ಡಪಟ್ಟಿ) ಕೆಳಗಿಂದ ಕೆಸರು ಉಕ್ಕಿ ಹಳಿ ಕುಸಿಯುತ್ತದೆ. ಹಳಿಯನ್ನೇ ಬದಲಿಸಬೇಕಾ? ಅಮೆರಿಕದ ಸಣ್ಣ ರೈಲು ಕಂಪನಿಗಳಾದ ಶಾರ್ಟ್‌ಲೈನ್‌ಗಳಿಗೆ ಸಿಗುವಂಥ ನೆರವು ನಮ್ಮಲ್ಲಿದೆಯಾ?

ತೋರಣಗಲ್ಲು_ಟ್ರ್ಯಾಕ್: ಹಳಿ ಆಮೇಲೆ ಸರ್, ಮೊದಲು ಚರಂಡಿ. ವ್ಯಾಗನ್‌ನಿಂದ ಉದುರುವ ಅದಿರಿನ ಪುಡಿ ಜಲ್ಲಿಯ ಸಂದು ತುಂಬುತ್ತದೆ, ನೀರು ಇಳಿಯಲ್ಲ, ಚಕ್ರ ಹಾದಾಗೆಲ್ಲ ಕೆಸರು ಮೇಲೇಳುತ್ತದೆ. ಅದರ ಮೇಲೆ ಎಷ್ಟು ಪ್ಯಾಕಿಂಗ್ (ಸ್ಲೀಪರ್ ಕೆಳಗೆ ಜಲ್ಲಿ ಬಿಗಿಯುವುದು) ಮಾಡಿದರೂ ಮುಂದಿನ ಮಳೆಗೆ ಹೋಯಿತು. ಎರಡೂ ಬದಿ ಚರಂಡಿ ತೆಗೆಸಿ. ಸ್ಲೀಪರ್ ಕೆಳಗಿನ ಜಲ್ಲಿ ಪೂರ್ತಿ ತೆಗೆದು ಜರಡಿ ಹಿಡಿದು, ಕಡಿಮೆ ಬಿದ್ದಷ್ಟು 65 ಮಿ.ಮೀ. ಹೊಸ ಜಲ್ಲಿ ಸೇರಿಸಿ, ಆಮೇಲೆ ಪ್ಯಾಕಿಂಗ್. ಲೋಡಿಂಗ್ ಜಾಗದಲ್ಲಂತೂ ಜಲ್ಲಿ ಬೇಡವೇ ಬೇಡ. ಕಾಂಕ್ರೀಟ್ ಹಾಸಿದರೆ ಪುಡಿ ಗುಡಿಸಿ ತೆಗೆಯಬಹುದು. ತಿರುವಿನಲ್ಲಿ ಗೇಜ್ (ಎರಡು ಹಳಿಗಳ ನಡುವಿನ ಅಂತರ) ಹೆಚ್ಚಾಗಿದೆಯಾ, ಪಾಯಿಂಟ್‌ನ ಟಂಗ್ ರೈಲ್ (ರೈಲು ದಾರಿ ಬದಲಿಸುವ ಕಡೆಯ ಚಲಿಸುವ ಹಳಿ) ಸವೆದಿದೆಯಾ ನೋಡಿ. ಬೋಗಿ ಹಳಿ ತಪ್ಪುವುದು ಹೆಚ್ಚಾಗಿ ಅಲ್ಲೇ.

ರಾಯಚೂರು_ಲೆಕ್ಕ: ಅಮೆರಿಕದಲ್ಲಿ ಶಾರ್ಟ್‌ಲೈನ್‌ಗಳ ಹಳಿ ನಿರ್ವಹಣೆ ಖರ್ಚಿನ 40% (2022ರವರೆಗೆ ಅರ್ಧ) ತೆರಿಗೆಯಲ್ಲಿ ವಜಾ ಆಗುತ್ತದೆ, ಮೈಲಿಗೆ 3,500 ಡಾಲರ್ ಮಿತಿ, 2020ರಲ್ಲಿ ಅದನ್ನು ಕಾಯಂ ಮಾಡಿದರು. ನಮ್ಮಲ್ಲಿ ಖಾಸಗಿ ಸೈಡಿಂಗ್ ಖರ್ಚು ಮಾಲೀಕರದ್ದೇ, ಇದು ಬದಲಾಗಲೇಬೇಕು. ಸದ್ಯಕ್ಕೆ ರೈಲ್ವೆಯ 2021ರ ಗತಿಶಕ್ತಿ ಕಾರ್ಗೋ ಟರ್ಮಿನಲ್ (ಸರಕು ನಿಲ್ದಾಣ) ನೀತಿ ನೋಡಿ: ಹಳೇ ಸೈಡಿಂಗನ್ನೂ ಪರಿವರ್ತಿಸಬಹುದು, ಇಲಾಖಾ ಶುಲ್ಕವಿಲ್ಲ, ಸಂಪರ್ಕ ಹಳಿಗೆ ಬಳಸುವ ರೈಲ್ವೆ ಜಮೀನಿಗೆ ಬಾಡಿಗೆಯೂ ಇಲ್ಲ.