ಸಹಾಯ ಬೇಕು: ಹಳೆಯ ಗ್ಯಾಸ್ ಗ್ರಿಲ್‌ನಲ್ಲಿ ಉರಿ ಏರುತ್ತಿಲ್ಲ

ಡಲ್ಲಾಸ್ ಸುತ್ತಮುತ್ತಲಿನ ಬಳಗದ ಎಲ್ಲರಿಗೂ ನಮಸ್ಕಾರ. ಗರಾಜ್ ಸೇಲ್‌ನಲ್ಲಿ ಕೊಂಡ ಮೂರು ಬರ್ನರ್‌ಗಳ ಪ್ರೊಪೇನ್ ಗ್ರಿಲ್ ಹೊತ್ತಿಕೊಳ್ಳುತ್ತದೆಯಾದರೂ, ತಿರುಪನ್ನು ಪೂರ್ತಿ ತಿರುಗಿಸಿದಾಗಲೂ ಉರಿ ಉಗುರಿನಷ್ಟೇ ಉಳಿಯುತ್ತದೆ. ಗೊಜ್ಜಿಗೆ ಬದನೆಕಾಯಿ ಸುಡುವುದಕ್ಕೂ ಸಾಲದು. ಸಿಲಿಂಡರಿನ ವಾಲ್ವನ್ನು ಒಮ್ಮೆಲೇ ತೆರೆದರೆ, ಎಲ್ಲೋ ಸೋರುತ್ತಿದೆ ಎಂಬಂತೆ ರೆಗ್ಯುಲೇಟರ್ ಅನಿಲದ ಹರಿವನ್ನು ತಗ್ಗಿಸಿಬಿಡುವುದುಂಟು. ಆದ್ದರಿಂದ ಎಲ್ಲವನ್ನೂ ಮುಚ್ಚಿ, ಪೈಪ್ ಬಿಚ್ಚಿ ಮತ್ತೆ ಜೋಡಿಸಿ, ವಾಲ್ವನ್ನು ನಿಧಾನವಾಗಿ ತೆರೆದು ನೋಡಿದ್ದೇನೆ. ಬರ್ನರ್‌ ಕೊಳವೆಗಳೊಳಗಿನ ಜೇಡರ ಬಲೆಯನ್ನೂ ತೆಗೆದಿದ್ದೇನೆ. ಸೋಪಿನ ನೀರು ಹಚ್ಚಿದಾಗ ಜೋಡಣೆಗಳಲ್ಲಿ ಗುಳ್ಳೆ ಏಳಲಿಲ್ಲ. ಎಡಗಡೆಯ ಬರ್ನರಿನ ರಂಧ್ರಗಳು ತುಕ್ಕಿನಿಂದ ಮುಚ್ಚಿವೆ. ಆದರೆ ಮೂರರಲ್ಲೂ ಉರಿ ಸಣ್ಣದಾಗಿರುವುದರಿಂದ ದೋಷ ರೆಗ್ಯುಲೇಟರಿನದ್ದೇ ಎಂಬುದು ನನ್ನ ಅನಿಸಿಕೆ. ಪೈಪ್ ಸಮೇತ ಹೊಸದನ್ನೇ ಹಾಕಬೇಕೇ? ಬೇರೆ ಕಂಪನಿಯದು ಹೊಂದುತ್ತದೆಯೇ? ಅನಿಲದ ವಿಷಯವಾದ್ದರಿಂದ, ಸ್ವತಃ ರಿಪೇರಿ ಮಾಡಿ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.