ಕಾಕಾ, ಫೈಲ್ ಮುಚ್ಚಬೇಡಿ

ನಮ್ಮ ಮನೆ ಗುಂಪಿನ ಎಲ್ಲರಿಗೂ ನಮಸ್ಕಾರ. ಮೊದಲು ಕಾಕಾ ಕೇಳಿಸಿಕೊಳ್ಳಲಿ, ಉಳಿದವರಿಗೆ ಆಮೇಲೆ ಹೇಳುತ್ತೇನೆ. ಕಾಕಾ, ಆ ಫೈಲ್ ತೆರೆದೇ ಇದ್ದರೆ ಮುಚ್ಚಬೇಡಿ, ಲ್ಯಾಪ್‌ಟಾಪ್ ಆರಿಸಬೇಡಿ. ನಿನ್ನೆ ಪರದೆಯಿಂದ ಮಾಯವಾದ ಹೆಸರುಗಳು ಹೋಗಿಲ್ಲ, ಮರಳಿ ಬರುತ್ತವೆ. ಕಾಕು ಹತ್ತಿರವಿದ್ದರೆ ನನ್ನ ಈ ಧ್ವನಿ ಸಂದೇಶವನ್ನು ಜೋರಾಗಿ ಹಚ್ಚಲಿ. ಕೀಬೋರ್ಡಿನ ಎಡಗಡೆ, ಕೆಳಗಿನ ಮೂಲೆಯಲ್ಲಿ ಕಂಟ್ರೋಲ್ ಇದೆ. ಸಿಟಿಆರ್‌ಎಲ್ ಎಂದು ನಾಲ್ಕೇ ಅಕ್ಷರ ಬರೆದಿರುತ್ತಾರೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೂಲೆಯಲ್ಲಿ ಎಫ್‌ಎನ್ ಕುಳಿತಿರುತ್ತದೆ, ಹಾಗಿದ್ದರೆ ಅದರ ಪಕ್ಕದ್ದು. ಅದನ್ನು ಕಿರುಬೆರಳಿನಿಂದ ಒತ್ತಿ ಹಿಡಿಯಿರಿ. ಬೆರಳು ಎತ್ತಬೇಡಿ. ಹಿಡಿದುಕೊಂಡೇ ಇನ್ನೊಂದು ಬೆರಳಿನಿಂದ ಜೆಡ್ ಒಮ್ಮೆ ಒತ್ತಿ ಬಿಡಿ. ಹೆಸರುಗಳು ಕಾಣದಿದ್ದರೆ ಮತ್ತೊಮ್ಮೆ ಜೆಡ್. ಬರುವವರೆಗೂ ಒಂದೊಂದೇ ಸಲ, ಅವಸರ ಬೇಡ.

ಈಗ ತಮ್ಮನಿಗೆ. ನಿನ್ನೆ ರಾತ್ರಿ ನೀನು ಹುಬ್ಬಳ್ಳಿಯಿಂದ ಕಳುಹಿಸಿದ ಸೂಚನೆ ಇದು: ‘ಹೆಸರುಗಳನ್ನು ಸೆಲೆಕ್ಟ್ ಮಾಡಿ, ಕಂಟ್ರೋಲ್ + ಸಿ ಒತ್ತಿ.’ ಕಾಕಾ ಚಾಚೂ ತಪ್ಪದೆ ಅದನ್ನೇ ಮಾಡಿದರು. ಕಂಟ್ರೋಲ್ ಒತ್ತಿ ಬಿಟ್ಟರು. ಬಲಗಡೆ ಅಂಕಿಗಳ ಹತ್ತಿರ ಪ್ಲಸ್ ಹುಡುಕಿ ಒತ್ತಿದರು. ಆಮೇಲೆ ಸಿ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಚಾಲೂ ಇತ್ತು, ಅದರಲ್ಲಿ ಸಿ ಒತ್ತಿದರೆ ಬರುವುದು ಚ. ಬೆಟಗೇರಿ ಓಣಿಯ ಗಣಪತಿಗೆ ಚಂದಾ ಕೊಟ್ಟವರ ಹೆಸರೆಲ್ಲ ಸೆಲೆಕ್ಟ್ ಆಗಿದ್ದರಿಂದ ಮಾಯವಾಗಿ ಪರದೆಯ ಮೇಲೆ ‘+ಚ’ ಉಳಿಯಿತು. ಆ ಫೋಟೋ ನೋಡಿ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕಿದ್ದು ನಿನ್ನ ಸೂಚನೆಗೆ. ನೀವೆಲ್ಲ ಕಾಕಾನ ಮೇಲೆ ನಕ್ಕಿದ್ದು ನನಗೆ ಸರಿ ಕಾಣಲಿಲ್ಲ. ಕೀಬೋರ್ಡಿನ ಮೇಲೆ ಪ್ಲಸ್ ಎಂಬ ಕೀ ಇದೆ, ಸೂಚನೆಯಲ್ಲಿಯೂ ಪ್ಲಸ್ ಇದೆ. ಅದರ ಅರ್ಥ ‘ಹಿಡಿದುಕೊಂಡೇ’ ಎಂದು, ಅದನ್ನು ಒತ್ತಬಾರದು ಎಂದು ಅವರಿಗೆ ಹೇಳಿದವರು ಯಾರು?

ಹಾವೇರಿಯಲ್ಲಿ ಮಕ್ಕಳಿಗೆ ಟೈಪಿಂಗ್ ಕಲಿಸುವಾಗ ನಾನು ದಿನವೂ ನೋಡುವುದು ಇದನ್ನೇ. ಕೈ ಸರಿಯಾಗಿಯೇ ಇರುತ್ತದೆ, ಹೇಳುವ ಬಾಯಿ ಅರ್ಧ ಹೇಳಿರುತ್ತದೆ. ಕಳೆದ ವಾರದ ಶಿಫ್ಟ್ ಪ್ರಕರಣವೂ ಅಷ್ಟೇ. ‘ಆ ಬೇಕಾದರೆ ಶಿಫ್ಟ್ ಒತ್ತಿ ಎ ಒತ್ತಿ’ ಎಂದು ನೀನು ಬರೆದಿದ್ದೆ. ಕಾಕಾ ಶಿಫ್ಟ್ ಒತ್ತಿ ಬಿಟ್ಟು ಎ ಒತ್ತಿದರು, ಅ ಬಂತು. ಶಿಫ್ಟ್‌ಗೆ ಸರಿಯಾಗಿ ಪೆಟ್ಟು ಬಿದ್ದಿಲ್ಲವೆಂದು ಅದೊಂದನ್ನೇ ಕುಟ್ಟಿದರು. ಐದನೆಯ ಸಲಕ್ಕೆ ಲ್ಯಾಪ್‌ಟಾಪ್ ಕುಂಯ್ ಎಂದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಕಾಕಾ ಮುಚ್ಚಳ ಹಾಕಿ, ಯಂತ್ರ ಕೆಟ್ಟಿತು ಎಂದು ರಾತ್ರಿಯಿಡೀ ಕೊರಗಿದರಂತೆ. ಏನೂ ಕೆಟ್ಟಿರಲಿಲ್ಲ. ವಿಂಡೋಸ್‌ನಲ್ಲಿ ಶಿಫ್ಟ್ ಸತತವಾಗಿ ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್ ಬೇಕೇ’ ಎಂದು ಕೇಳುತ್ತದೆ. ಎರಡು ಕೀಗಳನ್ನು ಒಟ್ಟಿಗೆ ಹಿಡಿಯಲಾಗದವರಿಗಾಗಿ ಮಾಡಿದ ಸೌಲಭ್ಯ ಅದು. ಹೌದು ಎಂದರೆ, ಶಿಫ್ಟ್ ಬಿಟ್ಟ ಮೇಲೆ ಎ ಒತ್ತಿದರೂ ನಡೆಯುತ್ತದೆ. ಕಾಕಾ ಒತ್ತಿದ ರೀತಿಗೆ ಯಂತ್ರದಲ್ಲೇ ಜಾಗವಿತ್ತು, ನಿನ್ನ ಸೂಚನೆಯಲ್ಲಿ ಇರಲಿಲ್ಲ.

ಹಳೆಯ ಟೈಪ್‌ರೈಟರ್‌ನಲ್ಲಿ ಈ ಗೊಂದಲ ಇರಲಿಲ್ಲ. 1878ರ ರೆಮಿಂಗ್ಟನ್ ಯಂತ್ರದಲ್ಲಿ ಶಿಫ್ಟ್ ಒತ್ತಿದರೆ ಕಾಗದ ಹಿಡಿದ ಭಾಗವೇ ಸರಿಯುತ್ತಿತ್ತು, ಬೆರಳು ಎತ್ತಿದರೆ ಮರಳಿ ಬರುತ್ತಿತ್ತು. ಹಿಡಿದುಕೊಳ್ಳಬೇಕು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಈಗ ಏನೂ ಸರಿಯುವುದಿಲ್ಲ, ಹಾಗಾಗಿ ಬಾಯಿಬಿಟ್ಟು ಹೇಳಬೇಕು.

ಇನ್ನು, ಕಾಕಾ ಒಬ್ಬರೇ ಅಲ್ಲ. ‘ಪ್ರೆಸ್ ಎನಿ ಕೀ’ ಎಂಬ ಸೂಚನೆ ನೋಡಿ ಎನಿ ಎಂಬ ಕೀ ಎಲ್ಲಿದೆ ಎಂದು ಅಮೆರಿಕದ ಕಾಂಪ್ಯಾಕ್ ಕಂಪನಿಗೆ ಎಷ್ಟು ಜನ ಫೋನ್ ಮಾಡಿದರೆಂದರೆ, ಆ ಸೂಚನೆಯನ್ನೇ ಬದಲಿಸಲು ಕಂಪನಿ ಯೋಚಿಸಿತ್ತು. ಹಳೆಯ ಕಂಪ್ಯೂಟರ್‌ಗಳು ಇನ್ನೂ ಒಂದು ಕೈ ಮೇಲು: ‘ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ’ ಎನ್ನುತ್ತಿದ್ದವು! ಇಲ್ಲದ ಕೀಬೋರ್ಡಿನಲ್ಲಿ ಎಫ್1 ಎಲ್ಲಿಂದ ತರುವುದು?

ತಮ್ಮಾ, ಇವತ್ತೇ ಹೊಸದಾಗಿ ಬರೆದು ಕಳುಹಿಸು. ಪ್ಲಸ್ ಬೇಡ. ಯಾವುದನ್ನು ಹಿಡಿದುಕೊಳ್ಳಬೇಕು, ಯಾವುದನ್ನು ಒತ್ತಿ ಬಿಡಬೇಕು, ಆಗ ಪರದೆಯ ಮೇಲೆ ಏನು ಕಾಣಬೇಕು, ಮೂರನ್ನೂ ಬರೆ. ಎಂಟರ್ ಎನ್ನುವಾಗ ಬಾಗಿದ ಬಾಣದ ಗುರುತು ಎಂದು ಸೇರಿಸು, ಕೆಲವು ಕೀಬೋರ್ಡ್‌ಗಳಲ್ಲಿ ಹೆಸರೇ ಇರುವುದಿಲ್ಲ. ನುಡಿಯಲ್ಲಿ ಟ ಇರುವುದು ಕ್ಯೂ ಕೀಯಲ್ಲಿ ಎಂದೂ ತಿಳಿಸು. ಟೀ ಒತ್ತಿ ಒತ್ತಿ ಕಾಕಾ ನಮ್ಮ ಊರನ್ನು ‘ಬೆತಗೇರಿ’ ಮಾಡಿಟ್ಟಿದ್ದಾರೆ.

ಕಾಕಾ, ಹೆಸರುಗಳು ಬಂದ ಕೂಡಲೇ ಬೇರೇನೂ ಮುಟ್ಟಬೇಡಿ. ಕಂಟ್ರೋಲ್ ಹಿಡಿದುಕೊಂಡೇ ಎಸ್ ಒಮ್ಮೆ ಒತ್ತಿ ಬಿಡಿ. ಎಲ್ಲಿ ಉಳಿಸಲಿ, ಯಾವ ಹೆಸರಿನಲ್ಲಿ ಎಂದು ಕೇಳಿದರೆ ‘ಗಣಪತಿ’ ಎಂದು ಬರೆದು ಎಂಟರ್ ಒತ್ತಿ. ಆದ ಮೇಲೆ ಕಾಕು ಇಲ್ಲಿ ಒಂದು ಮಾತು ಹಾಕಲಿ, ನಾನು ಫೋನ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.